ಕರೆಂಟು ಹೋಗಿ ಬಂದ ಮೇಲೆ ನಿಮ್ಮ ಟಿವಿಯಲ್ಲಿ ಏನಿರುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದವು. ಹೋಟೆಲು, ಕ್ಲಿನಿಕ್ಕು, ದೇವಸ್ಥಾನ, ಬಟ್ಟೆ ಅಂಗಡಿ, ಎಲ್ಲರೂ ಗೋಡೆಗೆ ಟಿವಿ ಹಾಕಿ ಅದನ್ನೇ ಬೋರ್ಡ್ ಮಾಡಿಕೊಳ್ಳುತ್ತಿದ್ದಾರೆ. ಬೆಂಗಳೂರಿನಲ್ಲಿ ಇಂಥ ಬೋರ್ಡು ಕೂಡಿಸಿಕೊಡುವುದೇ ನನ್ನ ಕೆಲಸ. ಹಾಗಾಗಿ ಈ ತಿಂಗಳ ಜಾಗವನ್ನೆಲ್ಲ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ದರ್ಶಿನಿಯಲ್ಲಿ ಕ್ಯಾಶ್ ಕೌಂಟರ್ ಮೇಲೆ 43 ಇಂಚಿನ ಟಿವಿ ಹಾಕಿಸಿ, ಹಿಂದೆ ಒಂದು ಹಳೇ ವಿಂಡೋಸ್ ಕಂಪ್ಯೂಟರ್ ಇಟ್ಟಿದ್ದೇವೆ. ತಿಂಡಿಗಳ ದರಪಟ್ಟಿ ಗೂಗಲ್ ಸ್ಲೈಡ್ಸ್‌ನಲ್ಲಿದೆ. ಕ್ರೋಮ್‌ನಲ್ಲಿ ತೆರೆದು ಎಫ್ 11 ಒತ್ತುತ್ತೇವೆ, ಪರದೆ ಪೂರ್ತಿ ತುಂಬುತ್ತದೆ. ಆದರೆ ಕರೆಂಟು ಹೋಗಿ ಬಂದರೆ ಕೌಂಟರ್ ಹುಡುಗ ಸ್ಟೂಲ್ ಹತ್ತಿ, ಮೌಸ್ ಹಿಡಿದು, ಎಲ್ಲವನ್ನೂ ಮೊದಲಿಂದ ಮಾಡಬೇಕು. ಪಾಸ್‌ವರ್ಡ್ ಕೇಳುತ್ತದೆ. ಮುಂಚೆ ತೆರೆದಿದ್ದ ಪುಟ ಮತ್ತೆ ಬೇಕಾ ಅಂತ ಮೂಲೆಯಲ್ಲಿ ಚೀಟಿ ಬರುತ್ತದೆ. ದೋಸೆ ದರದ ಮೇಲೆ ಮೌಸಿನ ಬಾಣ ಕೂತಿರುತ್ತದೆ. ತಾನಾಗೇ ಪೂರ್ತಿ ಪರದೆ ಬರುವ ಹಾಗೆ ಮಾಡಲಾಗದೇ?
— ದರ್ಶಿನಿ ನಡೆಸುವವರು, ಬನಶಂಕರಿ

ಉತ್ತರ: ಖಂಡಿತ ಆಗುತ್ತದೆ. ಆ ಹುಡುಗ ಇನ್ನು ಸ್ಟೂಲ್ ಹತ್ತಬಾರದು. ಅದನ್ನೇ ಗುರಿ ಇಟ್ಟುಕೊಂಡು ಕೆಲಸ ಶುರು ಮಾಡೋಣ.

ಎಫ್ 11 ಇರುವುದು ಕಂಪ್ಯೂಟರ್ ಮುಂದೆ ಕೂತವರಿಗಾಗಿ. ನಿಮ್ಮ ಟಿವಿಯ ಮುಂದೆ ಹಾಗೆ ಯಾರೂ ಕೂರುವುದಿಲ್ಲ. ಪುಟವೇ ತನ್ನಷ್ಟಕ್ಕೆ ಪೂರ್ತಿ ಪರದೆಗೆ ಹೋಗಲಿ ಅಂದರೆ ಬ್ರೌಸರ್ ಒಪ್ಪುವುದಿಲ್ಲ. ಯಾರಾದರೂ ಒಮ್ಮೆ ಒತ್ತಲೇಬೇಕು. ಇದು ನಮ್ಮ ಸುರಕ್ಷತೆಗೆ ಮಾಡಿದ ನಿಯಮ. ಇಲ್ಲದಿದ್ದರೆ ಯಾವುದೋ ಮೋಸದ ಪುಟ ಪರದೆಯನ್ನೆಲ್ಲ ಆಕ್ರಮಿಸಿ, ನಿಮ್ಮ ಬ್ಯಾಂಕಿನದೇ ಪುಟ ಎಂಬಂತೆ ತೋರಿಸಿ ಪಾಸ್‌ವರ್ಡ್ ಕೇಳಬಹುದು. ಹಾಗಾಗಿ ಪುಟಕ್ಕೆ ಹೇಳಿ ಪ್ರಯೋಜನವಿಲ್ಲ. ಬ್ರೌಸರ್ ಶುರುವಾಗುವಾಗಲೇ ಬ್ರೌಸರಿಗೆ ಹೇಳಬೇಕು. ಹಾಗೆ ಹೇಳುವುದಕ್ಕೇ ಕಿಯಾಸ್ಕ್ ಮೋಡ್ ಇರುವುದು.

ಡೆಸ್ಕ್‌ಟಾಪಿನಲ್ಲಿ ಕ್ರೋಮ್‌ನ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆಯಿರಿ. ಟಾರ್ಗೆಟ್ ಎಂಬ ಸಾಲಿನ ಕೊನೆಗೆ, ಉದ್ಧರಣ ಚಿಹ್ನೆ ಮುಗಿದ ಮೇಲೆ ಒಂದು ಸ್ಪೇಸ್ ಬಿಡಿ. ಎರಡು ಹೈಫನ್ ಹಾಕಿ, ನಡುವೆ ಜಾಗ ಬಿಡದೆ ಕಿಯಾಸ್ಕ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ: ಕೆ, ಐ, ಒ, ಎಸ್, ಕೆ. ಮತ್ತೆ ಸ್ಪೇಸ್, ಮತ್ತೆ ಎರಡು ಹೈಫನ್, ಇನ್‌ಕಾಗ್ನಿಟೊ. ಇನ್ನೊಂದು ಸ್ಪೇಸ್, ಆಮೇಲೆ ನಿಮ್ಮ ಪುಟದ ವಿಳಾಸ. ಆ ಚೀಟಿ ಬರುತ್ತಿರುವುದು, ಕರೆಂಟು ಹೋದಾಗ ಕ್ರೋಮ್ ಸರಿಯಾಗಿ ಮುಚ್ಚಿರುವುದಿಲ್ಲವಲ್ಲ, ಅದಕ್ಕೆ. ಇನ್‌ಕಾಗ್ನಿಟೊದಲ್ಲಿ ಹಳೆಯ ಪುಟಗಳ ನೆನಪೇ ಉಳಿಯದ ಕಾರಣ ಚೀಟಿಯೂ ಬರುವುದಿಲ್ಲ. ಇನ್ನು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಶೆಲ್, ಕೋಲನ್, ಸ್ಟಾರ್ಟಪ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಕೊಡಿ. ತೆರೆದ ಫೋಲ್ಡರಿಗೆ ಆ ಶಾರ್ಟ್‌ಕಟ್ ಹಾಕಿಬಿಡಿ. ಕಂಪ್ಯೂಟರ್ ಎದ್ದಾಗಲೆಲ್ಲ ಪುಟವೂ ಏಳುತ್ತದೆ. ಹೊರಬರಲು ಆಲ್ಟ್ ಮತ್ತು ಎಫ್ 4. ಒಂದು ಎಚ್ಚರ: ಕ್ರೋಮ್ ಮೊದಲೇ ತೆರೆದಿದ್ದರೆ ಕಿಯಾಸ್ಕ್ ಮಾತು ಅದಕ್ಕೆ ತಲುಪುವುದಿಲ್ಲ, ಮಾಮೂಲಿ ಕಿಟಕಿಯೇ ಬರುತ್ತದೆ. ಪರೀಕ್ಷೆ ಮಾಡುವ ಮೊದಲು ಎಲ್ಲ ಕ್ರೋಮ್ ಮುಚ್ಚಿ.

ಇಷ್ಟಾದರೆ ಅರ್ಧ ಕೆಲಸ ಆಯಿತು. ಉಳಿದರ್ಧವನ್ನು ಬಹಳ ಜನ ಮರೆಯುತ್ತಾರೆ. ಕರೆಂಟು ಬಂದಾಗ ಕಂಪ್ಯೂಟರ್ ತಾನಾಗಿ ಆನ್ ಆಗಬೇಕಲ್ಲ? ಅದು ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗಿನಲ್ಲಿ ಇರುತ್ತದೆ. ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಅಂತಲೋ ಆಫ್ಟರ್ ಪವರ್ ಫೇಲ್ಯೂರ್ ಅಂತಲೋ ಹೆಸರಿರುತ್ತದೆ. ಅದನ್ನು ಪವರ್ ಆನ್ ಮಾಡಿ. ಪಾಸ್‌ವರ್ಡ್ ಇಲ್ಲದ ಒಂದೇ ಒಂದು ಲೋಕಲ್ ಅಕೌಂಟ್ ಇಟ್ಟರೆ ವಿಂಡೋಸ್ ಸೀದಾ ಒಳಗೆ ಹೋಗುತ್ತದೆ. ಪಾಸ್‌ವರ್ಡ್ ಇಲ್ಲ ಎಂದ ಮೇಲೆ ಆ ಕಂಪ್ಯೂಟರಿನಲ್ಲಿ ಬಿಲ್ಲಿಂಗ್, ಬ್ಯಾಂಕು, ಮೇಲ್ ಏನೂ ಇರಬಾರದು. ಸ್ಲೀಪ್ ನೆವರ್‌ನಲ್ಲಿರಲಿ. ನೋಟಿಫಿಕೇಶನ್ ಬಂದ್ ಮಾಡಿ. ಬಾಣದ ಕಾಟಕ್ಕೆ ಮೌಸ್ ತೆಗೆದಿಟ್ಟರೆ ಸಾಕು. ಹಳೇ ಕಂಪ್ಯೂಟರ್ ಅಂದಿರಿ. ವಿಂಡೋಸ್ 10 ಆಗಿದ್ದರೆ ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟರ್ನೆಟ್ಟಿಗೆ ಸಿಕ್ಕಿಸದೆ ಬಳಸುವುದು ಒಳ್ಳೆಯದು.

ಇಂಟರ್ನೆಟ್ ಇಲ್ಲದೆ ಗೂಗಲ್ ಸ್ಲೈಡ್ಸ್ ಹೇಗೆ ಅಂತ ಕೇಳುತ್ತೀರಿ. ದರಪಟ್ಟಿಗೆ ಇಂಟರ್ನೆಟ್ಟೇ ಬೇಡ ಅನ್ನುವುದು ನನ್ನ ಮಾತು. ಕರೆಂಟು ಬಂದ ಮೇಲೆ ಮೋಡೆಮ್ ಏಳುವುದಕ್ಕೂ ಸಮಯ ಬೇಕು. ಅಷ್ಟರಲ್ಲಿ ಕಂಪ್ಯೂಟರ್ ಎದ್ದು, ನೆಟ್ ಇಲ್ಲ ಎಂಬ ಪುಟವನ್ನೇ 43 ಇಂಚಿನಲ್ಲಿ ತೋರಿಸುತ್ತಾ ನಿಲ್ಲುತ್ತದೆ. ಬೆಳಿಗ್ಗೆ ಏಳು ಗಂಟೆ ರಷ್‌ನಲ್ಲಿ ಗಿರಾಕಿ ನೋಡಬೇಕಾದ್ದು ಇಡ್ಲಿ ವಡೆಯ ಬೆಲೆ. ದರಪಟ್ಟಿಯನ್ನು ಒಂದು ಸಣ್ಣ ಎಚ್‌ಟಿಎಂಎಲ್ ಕಡತವಾಗಿ (ಬ್ರೌಸರ್ ತೋರಿಸುವ ಪುಟದ ಕಡತ) ಆ ಕಂಪ್ಯೂಟರಿನ ಒಳಗೇ ಇಡಿ, ವಿಳಾಸದ ಜಾಗದಲ್ಲಿ ಆ ಕಡತದ ದಾರಿ ಕೊಡಿ. ಬೆಲೆ ಬದಲಾದರೆ ನೋಟ್‌ಪ್ಯಾಡಿನಲ್ಲಿ ತಿದ್ದಿ, ಕನ್ನಡ ಅಕ್ಷರ ಕೆಡದಂತೆ ಯುಟಿಎಫ್ 8 ಎಂದು ಉಳಿಸಿ. ಮೆಟಾ ರಿಫ್ರೆಶ್ ಎಂಬ ಒಂದು ಸಾಲು ಹಾಕಿ 300 (ಸೆಕೆಂಡಿನ ಲೆಕ್ಕ) ಎಂದು ಕೊಟ್ಟರೆ ಪುಟ 5 ನಿಮಿಷಕ್ಕೊಮ್ಮೆ ತಾನಾಗಿ ಹೊಸದಾಗುತ್ತದೆ. ಎಚ್‌ಟಿಎಂಎಲ್ ಕಷ್ಟ ಅನ್ನಿಸಿದರೆ 1920 ಬೈ 1080 ಅಳತೆಯ ಒಂದು ಚಿತ್ರವನ್ನೇ ಮಾಡಿಡಿ. ಸ್ಲೈಡ್ಸೇ ಬೇಕು ಅನ್ನುವುದಾದರೆ, ಅದರಲ್ಲಿ ಪಬ್ಲಿಶ್ ಟು ವೆಬ್ ಎಂಬುದಿದೆ. ಲೋಡ್ ಆದ ತಕ್ಷಣ ಶುರುವಾಗಲಿ, ಕೊನೆಯದಾದ ಮೇಲೆ ಮತ್ತೆ ಮೊದಲಿಗೆ ಬರಲಿ ಎಂಬ ಎರಡು ಚೌಕಕ್ಕೂ ಗುರುತು ಹಾಕಿ ಆ ಲಿಂಕ್ ಬಳಸಿ. ಆ ಲಿಂಕ್ ಸಿಕ್ಕವರೆಲ್ಲ ಅದನ್ನು ನೋಡಬಹುದು ಎಂಬುದು ನೆನಪಿರಲಿ. ತಿಂಡಿ ಬೆಲೆಗೆ ಅದರಿಂದ ತೊಂದರೆಯಿಲ್ಲ.

ಟಿವಿಯನ್ನೂ ನೋಡಿಕೊಳ್ಳಬೇಕು. ಕೆಲವು ಟಿವಿಗಳು ಕರೆಂಟು ಬಂದಾಗ ಸ್ಟ್ಯಾಂಡ್‌ಬೈನಲ್ಲಿ ಕೆಂಪು ದೀಪ ಹಚ್ಚಿಕೊಂಡು ಕೂರುತ್ತವೆ. ಕೆಲವು ತಮ್ಮ ಹೋಮ್ ಪುಟಕ್ಕೆ ಹೋಗುತ್ತವೆ. ಪವರ್ ಆನ್ ಮೋಡ್ ಅನ್ನು ಲಾಸ್ಟ್ ಸ್ಟೇಟಸ್ ಮಾಡುವ ಸೌಲಭ್ಯ ಇದೆಯೇ ಹುಡುಕಿ. ಹೊಸ ಟಿವಿ ಕೊಳ್ಳುವವರಿಗೆ ಒಂದು ಮಾತು: ಅಂಗಡಿಯಲ್ಲೇ ಎಚ್‌ಡಿಎಂಐ (ಕಂಪ್ಯೂಟರ್ ಕೇಬಲ್ ಸಿಕ್ಕಿಸುವ ಕಿಂಡಿ) ಆಯ್ಕೆ ಮಾಡಿಸಿ, ಗೋಡೆಯ ಸ್ವಿಚ್ ಆರಿಸಿ ಹಾಕಿಸಿ. ಅದೇ ಎಚ್‌ಡಿಎಂಐಗೆ ವಾಪಸ್ ಬಂದರೆ ಮಾತ್ರ ದುಡ್ಡು ಕೊಡಿ. ಪಟ್ಟಿಯ ಅಂಚು ಕತ್ತರಿಸಿದಂತೆ ಕಂಡರೆ ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಅಥವಾ ಅಂಥದ್ದೇ ಹೆಸರಿನದನ್ನು ಆರಿಸಿ.

ಕಂಪ್ಯೂಟರ್ ಬದಲಿಸುವ ಯೋಚನೆ ಇದ್ದರೆ ಎಸ್.ಪಿ. ರಸ್ತೆಯಲ್ಲಿ ರಾಸ್ಪ್‌ಬೆರಿ ಪೈ ಕೇಳಿ. ಎಟಿಎಂ ಕಾರ್ಡಿನಷ್ಟಗಲದ ಕಂಪ್ಯೂಟರು. ದರ್ಶಿನಿಗೆ 4ನೇ ಮಾದರಿ ಧಾರಾಳವಾಯಿತು. ಇದಕ್ಕೆ ಕರೆಂಟು ಬಂದರೆ ಸಾಕು, ತಾನೇ ಶುರುವಾಗುತ್ತದೆ. ನಮಗೆ ಬೇಕಾದ್ದೂ ಅದೇ ಅಲ್ವಾ? 5 ವೋಲ್ಟ್, 3 ಆಂಪಿಯರ್‌ನ ಸರಿಯಾದ ಅಡಾಪ್ಟರ್ ತನ್ನಿ, ಫೋನ್ ಚಾರ್ಜರಿನಲ್ಲಿ ಓಡಿಸಬೇಡಿ. ಟಿವಿ ಕೇಬಲಿನ ಪೈ ಕಡೆಯ ತುದಿ ಮೈಕ್ರೋ ಎಚ್‌ಡಿಎಂಐ ಇರಬೇಕು. ಎರಡು ಕಿಂಡಿಗಳಲ್ಲಿ ಪವರ್ ಕಿಂಡಿಗೆ ಹತ್ತಿರದ್ದಕ್ಕೆ ಸಿಕ್ಕಿಸಿ. ಇದರ ದುರ್ಬಲ ಜಾಗ ಮೆಮರಿ ಕಾರ್ಡ್. ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡಿನಲ್ಲಿರುವುದು ಕೆಡುತ್ತದೆ. ಎಲ್ಲ ಸಿದ್ಧವಾದ ಮೇಲೆ ಅದರ ಸೆಟ್ಟಿಂಗಿನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ. ಆಗ ಕಾರ್ಡಿಗೆ ಏನೂ ಬರೆಯುವುದಿಲ್ಲ, ಬರೀ ಓದುತ್ತದೆ. ಬೆಲೆ ತಿದ್ದುವ ದಿನ ಅದನ್ನು ಆಫ್ ಮಾಡಿ, ತಿದ್ದಿ, ಮತ್ತೆ ಆನ್ ಮಾಡಬೇಕು. ಒಂದು ಹೆಜ್ಜೆ ಹೆಚ್ಚು, ಆದರೆ ಕಾರ್ಡ್ ಉಳಿಯುತ್ತದೆ.

ಕೊನೆಗೆ ಅಂಗಡಿ ಮುಚ್ಚಿದ ಮೇಲೆ ಎಂಸಿಬಿ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ. ಯಾರೂ ಏನೂ ಮುಟ್ಟಬೇಡಿ. ದರಪಟ್ಟಿ ತಾನಾಗಿ ಬಂದರೆ ನಿಮ್ಮ ಬೋರ್ಡ್ ಸಿದ್ಧ. ಬರದಿದ್ದರೆ ಎಲ್ಲಿ ನಿಂತಿತು ಅಂತ ಫೋಟೊ ತೆಗೆದು ಕಳಿಸಿ.

ಪ್ರಶ್ನೆ: ನಮ್ಮ ಪುಟ್ಟ ಗ್ರಂಥಾಲಯದ ಟಿವಿಯಲ್ಲಿ ಸೂಚನೆಗಳನ್ನು ಹಾಕುತ್ತೇವೆ. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿರುವ ಕನ್ನಡ ಅಲ್ಲಿ ಒಮ್ಮೆ ಬರೀ ಚೌಕಗಳಾಗಿ, ಒಮ್ಮೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಸರಿಯಾಗಿ ಬಂದಾಗಲೂ ಹಿಂದೆ ಕೂತವರಿಗೆ ಓದಲಾಗುವುದಿಲ್ಲ. ಇಂಗ್ಲಿಷಿನಲ್ಲೇ ಹಾಕಿಬಿಡಲೇ?
— ಗ್ರಂಥಾಲಯದ ಸ್ವಯಂಸೇವಕಿ, ವಿಜಯನಗರ

ಉತ್ತರ: ಬೇಡ, ದಯವಿಟ್ಟು ಬೇಡ. ಕನ್ನಡದಲ್ಲೇ ಇರಲಿ. ಇವೆರಡೂ ಬೇರೆ ಬೇರೆ ತೊಂದರೆ, ಎರಡಕ್ಕೂ ಪರಿಹಾರವಿದೆ.

ಚೌಕಗಳು ಬಂದರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ನೋಟೊ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಟಿವಿಗೆ ಜೋಡಿಸಿರುವ ಕಂಪ್ಯೂಟರಿಗೆ ಅದನ್ನು ಹಾಕಿ. ಅರ್ಥವಿಲ್ಲದ ಅಕ್ಷರಗಳು ಬಂದರೆ, ಅದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ. ಅಲ್ಲಿ ನಿಜವಾಗಿ ಇರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಕನ್ನಡಕ್ಕೆ ಅದರದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿ ಹಾಕಿ. ಪರಿವರ್ತಿಸಿದ ಮೇಲೆ ಒಮ್ಮೆ ಕೂತು ಓದಿ, ಅದರಲ್ಲೂ 'ಸೂರ್ಯ', 'ಕಾರ್ಯಕ್ರಮ' ಎಂಬಂಥ ಅರ್ಕಾವತ್ತಿನ ಪದಗಳನ್ನು. ತಪ್ಪು ನುಸುಳುವುದು ಅಲ್ಲೇ.

ಈಗ ಅಕ್ಷರದ ಗಾತ್ರ. 43 ಇಂಚಿನ ಟಿವಿಯ ಎತ್ತರ ಸುಮಾರು 53 ಸೆಂಟಿಮೀಟರ್. ಅದರಲ್ಲಿ 1080 ಪಿಕ್ಸೆಲ್. ಅಂದರೆ ಸೆಂಟಿಮೀಟರಿಗೆ ಹತ್ತಿರ ಹತ್ತಿರ 20. ಫಾಂಟ್ ಗಾತ್ರ 80 ಪಿಕ್ಸೆಲ್ ಕೊಟ್ಟರೆ ಗೋಡೆಯ ಮೇಲೆ ಅದು 4 ಸೆಂಟಿಮೀಟರ್. ಸಾಲಿನ ಎತ್ತರ ಅದರ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, 1.6 ಇಡಿ. ಆಗ ಪರದೆಗೆ 8 ಸಾಲು ಹಿಡಿಯುತ್ತದೆ. ಎಂಟೇ ಸಾಲಾ ಅನ್ನಬೇಡಿ. ಹದಿನೆಂಟು ಸಾಲು ತುಂಬಿ ಯಾರೂ ಓದದೆ ಹೋದರೆ ಏನು ಬಂತು? ಉಳಿದದ್ದನ್ನು ಎರಡನೇ ಪುಟಕ್ಕೆ ಹಾಕಿ.

ಸಾಲಿನ ಎತ್ತರದ ವಿಷಯ ಒತ್ತಿ ಹೇಳುತ್ತಿದ್ದೇನೆ. ಇಂಗ್ಲಿಷಿಗೆ ಮಾಡಿದ ತಯಾರಿ ವಿನ್ಯಾಸಗಳಲ್ಲಿ ಸಾಲುಗಳು ಬಿಗಿಯಾಗಿರುತ್ತವೆ. ಅದರಲ್ಲಿ 'ಉಪ್ಪಿಟ್ಟು' ಎಂದು ಬರೆದು ನೋಡಿ. ಪಕಾರದ, ಟಕಾರದ ಒತ್ತುಗಳ ಕೆಳಭಾಗ ಮುಂದಿನ ಸಾಲಿನ ಹಿನ್ನೆಲೆ ಬಣ್ಣದಡಿ ಹೂತು 'ಉಪಿಟು' ಆಗುತ್ತದೆ. ಇಂಥ ಬೋರ್ಡುಗಳನ್ನು ನಮ್ಮ ಊರಲ್ಲೇ ಎಷ್ಟೋ ಕಡೆ ನೋಡುತ್ತೇನೆ, ಪ್ರತಿ ಸಲವೂ ಬೇಜಾರಾಗುತ್ತದೆ. ಓದಲು ಕಲಿಯುತ್ತಿರುವ ಮಗುವೊಂದು ನಿಮ್ಮ ಗ್ರಂಥಾಲಯದ ಟಿವಿ ನೋಡಿಯೇ ಒತ್ತಕ್ಷರ ಗುರುತು ಮಾಡಿಕೊಳ್ಳಬಹುದು. ಅದಕ್ಕೆ ಪೂರ್ತಿ ಅಕ್ಷರ ಕಾಣಲಿ.

ಪ್ರಶ್ನೆ: ನಮ್ಮ ದೇವಸ್ಥಾನದ ಹಜಾರದಲ್ಲಿ ರಾಸ್ಪ್‌ಬೆರಿ ಪೈ 4 ಇಟ್ಟು ಟಿವಿಯಲ್ಲಿ ದಿನ, ವಾರ, ರಾಹುಕಾಲ, ಸೇವೆಗಳ ವಿವರ ತೋರಿಸುತ್ತೇವೆ. ಇಂಟರ್ನೆಟ್ ಇಲ್ಲ. ರಾತ್ರಿ ಸ್ವಿಚ್ ಆರಿಸಿ ಹೋಗುತ್ತೇವೆ. ಬೆಳಿಗ್ಗೆ ಹಾಕಿದರೆ ನಿನ್ನೆಯ ವಾರವೇ ಇರುತ್ತದೆ. ಮಂಗಳವಾರ ಬಂದ ಭಕ್ತರು ಸೋಮವಾರದ ರಾಹುಕಾಲ ನೋಡಿ ಹೊರಟರೆ ಹೇಗೆ?
— ದೇವಸ್ಥಾನದ ಸಮಿತಿಯವರು, ಮಲ್ಲೇಶ್ವರ

ಉತ್ತರ: ನಿಮ್ಮ ಪೈ ಒಳಗೆ ಗಡಿಯಾರದ ಬ್ಯಾಟರಿ ಇಲ್ಲ. ಆರಿಸಿದಾಗ ಎಷ್ಟು ಹೊತ್ತಾಗಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಇಂಟರ್ನೆಟ್ ಇದ್ದರೆ ಅದು ಸಮಯ ಕೇಳಿ ಸರಿಮಾಡಿಕೊಳ್ಳುತ್ತದೆ, ನಿಮ್ಮಲ್ಲಿ ಅದೂ ಇಲ್ಲ. ಮೊದಲ ಉತ್ತರದಲ್ಲಿ ಹೇಳಿದ ಓವರ್‌ಲೇ ಆನ್ ಮಾಡಿದರೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಅದನ್ನು ಆನ್ ಮಾಡಿದ ದಿನಕ್ಕೇ ಮರಳಿ ಮರಳಿ ಬಂದು ನಿಲ್ಲುತ್ತದೆ. ಎಸ್.ಪಿ. ರಸ್ತೆಯಲ್ಲಿ ಡಿಎಸ್ 3231 ಎಂಬ ಗಡಿಯಾರದ ಮಾಡ್ಯೂಲ್ ಕೇಳಿ. ಪೈನ ಪಿನ್ನುಗಳಿಗೆ ಸಿಕ್ಕಿಸುವ ಸಣ್ಣ ಚೂರು, ಜೊತೆಗೆ ನಾಣ್ಯದಂಥ ಬ್ಯಾಟರಿ. ಸೆಟ್ಟಿಂಗ್ ಕಡತಕ್ಕೆ ಒಂದು ಸಾಲು ಸೇರಿಸಬೇಕು, ಅಂಗಡಿಯವರೇ ಮಾಡಿಕೊಟ್ಟಾರು. ವರ್ಷಕ್ಕೆ ಒಂದು ನಿಮಿಷದ ಆಸುಪಾಸು ಹೆಚ್ಚುಕಮ್ಮಿ ಆಗಬಹುದು, ಅಷ್ಟೇ. ಪೈ 5ರಲ್ಲಾದರೆ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ತರಬೇಕು. ಟೈಮ್ ಝೋನ್ ಕೋಲ್ಕತ್ತಾ ಇದೆಯೇ ಅಂತಲೂ ನೋಡಿ, ಕೆಲವೊಮ್ಮೆ ಲಂಡನ್ ಉಳಿದುಬಿಟ್ಟಿರುತ್ತದೆ.

ಇನ್ನೊಂದು ಮಾತು. ಸೋಮವಾರ ಏಳೂವರೆಯಿಂದ ಒಂಬತ್ತು, ಮಂಗಳವಾರ ಮೂರರಿಂದ ನಾಲ್ಕೂವರೆ ಎಂಬ ಲೆಕ್ಕ ಆರಕ್ಕೆ ಸೂರ್ಯೋದಯ, ಆರಕ್ಕೆ ಸೂರ್ಯಾಸ್ತ ಎಂದು ಹಿಡಿದದ್ದು. ಹಗಲನ್ನು ಎಂಟು ಪಾಲು ಮಾಡುವಾಗ ಸೂರ್ಯೋದಯ ಬದಲಾದಂತೆ ಇದೂ ಸರಿಯುತ್ತದೆ. ನಿಮ್ಮ ಅರ್ಚಕರು ಯಾವ ಪಂಚಾಂಗ ನೋಡುತ್ತಾರೋ ಅದರ ಸಮಯಗಳನ್ನೇ ತಿಂಗಳಿಗೊಮ್ಮೆ ತುಂಬಿಸಿಡಿ. ಟಿವಿ ಒಂದು, ಅರ್ಚಕರು ಇನ್ನೊಂದು ಹೇಳಿದರೆ ಭಕ್ತರಿಗೆ ಗೊಂದಲ.

ಪ್ರಶ್ನೆ: ಅಕ್ಕ, ನಾನು ಮಕ್ಕಳ ಕ್ಲಿನಿಕ್‌ನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ಆಂಡ್ರಾಯ್ಡ್ ಟಿವಿಯ ಬ್ರೌಸರಿನಲ್ಲಿ ಟೋಕನ್ ನಂಬರ್, ಮಗುವಿನ ಹೆಸರು ಹಾಕುತ್ತೇವೆ. ಸ್ವಲ್ಪ ಹೊತ್ತಿಗೆ ಬೆಟ್ಟಗುಡ್ಡದ ಫೋಟೊ ಬರುತ್ತದೆ. ಮಧ್ಯಾಹ್ನ ಟಿವಿಯೇ ಆಫ್ ಆಗುತ್ತದೆ. ನಂಬರ್ ಬದಲಾದಾಗ ಟಣ್ ಅನ್ನಬೇಕಾದ ಸದ್ದೂ ಬರುವುದಿಲ್ಲ.
— ರಾಜಾಜಿನಗರದಿಂದ ಒಬ್ಬರು

ಉತ್ತರ: ಫೋಟೊ ಬರುವುದು ಸ್ಕ್ರೀನ್ ಸೇವರ್, ಅದನ್ನು ಆಫ್ ಮಾಡಮ್ಮ. ತಾನಾಗಿ ಆಫ್ ಆಗುವುದು ವಿದ್ಯುತ್ ಉಳಿತಾಯದ ಸೆಟ್ಟಿಂಗ್. ರಿಮೋಟ್ ಮುಟ್ಟದೆ ಕೆಲವು ಗಂಟೆ ಕಳೆದರೆ, ನೋಡುವವರು ಯಾರೂ ಇಲ್ಲ ಅಂದುಕೊಳ್ಳುತ್ತದೆ. ಎನರ್ಜಿ ಅಥವಾ ಟೈಮರ್ ಎಂಬಲ್ಲಿ ಹುಡುಕು. ಸದ್ದಿನ ವಿಷಯ: 2018ರಿಂದ ಕ್ರೋಮ್, ಯಾರಾದರೂ ಪುಟವನ್ನು ಒಮ್ಮೆ ಮುಟ್ಟುವ ತನಕ ಸದ್ದನ್ನು ತಡೆಹಿಡಿಯುತ್ತದೆ. ಟಿವಿಯ ಬ್ರೌಸರುಗಳೂ ಹೆಚ್ಚಾಗಿ ಹೀಗೇ. ಬೆಳಿಗ್ಗೆ ರಿಮೋಟಿನಿಂದ ಪುಟದ ಮೇಲೆ ಒಮ್ಮೆ ಓಕೆ ಒತ್ತಿ ನೋಡು. ಪುಟ ಮಾಡಿಕೊಟ್ಟವರು ಕಂಪ್ಯೂಟರಿನಿಂದ ಕಿಯಾಸ್ಕ್‌ನಲ್ಲಿ ಓಡಿಸಿದರೆ, ಈ ತಡೆಯನ್ನು ಶುರುವಿನಲ್ಲೇ ತೆಗೆಯಬಹುದು. ಟಿವಿಯ ಬ್ರೌಸರಿಗಿಂತ ಅದೇ ಭದ್ರ.

ಹೆಸರು ಮಾತ್ರ ತೆಗೆದುಬಿಡು. ಯಾವ ಮಗು ಯಾವ ಡಾಕ್ಟರ ಹತ್ತಿರ ಬಂದಿದೆ ಅನ್ನುವುದು ಅಲ್ಲಿ ಕೂತವರಿಗೆಲ್ಲ ತಿಳಿಯಬೇಕಾಗಿಲ್ಲ. ಖಾಸಗಿ ಮಾಹಿತಿ ಕಾಪಾಡಲು 2023ರಲ್ಲಿ ಕಾನೂನೇ ಬಂದಿದೆ. ಟೋಕನ್ ನಂಬರ್, ಕೋಣೆ ನಂಬರ್ ಸಾಕು, ದೊಡ್ಡದಾಗಿ.

ಪ್ರಶ್ನೆ: ನಮ್ಮ ಸೀರೆ ಅಂಗಡಿಯ ಮುಂಭಾಗದ ಗಾಜಿನ ಹಿಂದೆ ಟಿವಿಯನ್ನು ಉದ್ದುದ್ದಕ್ಕೆ ನಿಲ್ಲಿಸುವ ಆಸೆ. ಮನೆಯ ಟಿವಿ ಆಗುತ್ತದೆಯೇ? ಕನ್ನಡ ಶೇ 60ರ ನಿಯಮ ಇದಕ್ಕೂ ಇದೆಯೇ?
— ಚಿಕ್ಕಪೇಟೆಯ ವ್ಯಾಪಾರಿ

ಉತ್ತರ: ಮನೆಯ ಟಿವಿ ಬೇಡ. ಬಿಸಿ ಗಾಳಿ ಹೊರಹೋಗುವ ಕಿಂಡಿಗಳನ್ನು ಅದು ಅಡ್ಡಡ್ಡ ಇರುತ್ತದೆ ಎಂದೇ ಮಾಡಿರುತ್ತಾರೆ. ಬೀದಿಯ ಬೆಳಕಿನಲ್ಲಿ ಅದರ ಚಿತ್ರ ಮಂಕಾಗಿ, ಸೀರೆಯ ಬಣ್ಣವೇ ಕಾಣುವುದಿಲ್ಲ. ವಾಣಿಜ್ಯ ಡಿಸ್‌ಪ್ಲೇ ಎಂದೇ ಕೇಳಿ. ದಿನಕ್ಕೆ 16 ಗಂಟೆಯೋ 24 ಗಂಟೆಯೋ, ಉದ್ದಕ್ಕೆ ನಿಲ್ಲಿಸಬಹುದೋ ಇಲ್ಲವೋ ಅಂತ ಅದರ ವಿವರಪಟ್ಟಿಯಲ್ಲೇ ಬರೆದಿರುತ್ತಾರೆ. ಓಎಲ್‌ಇಡಿ ಬೇಡ. ಒಂದೇ ಜಾಗದಲ್ಲಿ ನಿಂತ ಅಂಗಡಿ ಹೆಸರು ಅದರಲ್ಲಿ ಕಲೆಯಾಗಿ ಉಳಿಯುತ್ತದೆ.

ನಿಯಮದ ಮಾತು. ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಅಂಗಡಿಗಳ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಅಂಗಡಿಯ ಹೆಸರು ಈ ಟಿವಿಯಲ್ಲೇ ಬರುವುದಾದರೆ ಇದೂ ನಾಮಫಲಕ ಅಂದುಕೊಂಡೇ ಮಾಡಿ. ಒಂದು ಸ್ಲೈಡ್ ಕನ್ನಡ, ಇನ್ನೊಂದು ಇಂಗ್ಲಿಷ್ ಅಂತ ಬೇರೆ ಬೇರೆ ಮಾಡಬೇಡಿ. ಪ್ರತಿ ಸ್ಲೈಡಿನಲ್ಲೂ ಮೇಲೆ ದೊಡ್ಡದಾಗಿ ಕನ್ನಡ, ಕೆಳಗೆ ಇಂಗ್ಲಿಷ್ ಇರಲಿ. ಉದ್ದನೆಯ ಪರದೆಗೆ 1080 ಬೈ 1920 ಅಳತೆಯಲ್ಲಿ ಚಿತ್ರ ಮಾಡಿಸಿ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಪೋರ್ಟ್ರೇಟ್ ಆರಿಸಿದರೆ ಅದು ನೆಟ್ಟಗೆ ನಿಲ್ಲುತ್ತದೆ.